ಎಸ್‌ಎಸ್‌ಡಿ ಹಾಕಿಸಿದ ವಾರ

2016ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪು 2023ರ ಹೊತ್ತಿಗೆ ಆನ್ ಆಗಿ ಕೈಗೆ ಸಿಗಲು ಏಳು ನಿಮಿಷ ಬೇಕಾಗುತ್ತಿತ್ತು. ಮನೆಯಲ್ಲೇ ಕೂತು ಕರಡು ತಿದ್ದುವ ಕೆಲಸ ನನ್ನದು. ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಓದಿನ ಓಟವೇ ತಪ್ಪಿಹೋಗುತ್ತಿತ್ತು. ಹೊಸದು ಕೊಳ್ಳೋಣವೆಂದರೆ ನಲವತ್ತೈದು ಸಾವಿರ. ಮಗಳ ಕಾಲೇಜು ಫೀಸು ಕಟ್ಟಬೇಕಿದ್ದ ತಿಂಗಳು ಬೇರೆ.

ಮನೆಗೆ ಬಂದಿದ್ದ ತಂಗಿಯ ಮಗ, ಲ್ಯಾಪ್‌ಟಾಪಿನ ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂದು ಹೇಳುವ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ಲ್ಯಾಪ್‌ಟಾಪಿನ ಮಿದುಳಿನಂಥ ಪ್ರೊಸೆಸರ್ ಶೇ. 10, ಫೈಲುಗಳನ್ನೆಲ್ಲ ಇಡುವ ಡಿಸ್ಕ್ ಶೇ. 100. "ದೊಡ್ಡಮ್ಮ, ಪ್ರೊಸೆಸರ್‌ಗೆ ಕೆಲಸಾನೇ ಇಲ್ಲ. ಡಿಸ್ಕಿಂದ ಫೈಲ್ ಬರೋದನ್ನೇ ಕಾಯ್ತಾ ಕೂತಿದೆ ನೋಡು" ಅಂದ. ಆ ಡಿಸ್ಕಿನೊಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಇದೆ, ಅದರ ಮೇಲೆ ಓಡಾಡುವ ಮುಳ್ಳಿನಂಥದ್ದೊಂದು ಇದೆ. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಫೈಲುಗಳಿಗಾಗಿ ಆ ಮುಳ್ಳು ಆ ಮೂಲೆಗೂ ಈ ಮೂಲೆಗೂ ಓಡಬೇಕು. ಇದರ ಜಾಗದಲ್ಲಿ ಹಾಕುವ ಹೊಸ ಬಗೆಯ ಡಿಸ್ಕೇ ಎಸ್‌ಎಸ್‌ಡಿ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡುವುದೂ ಇಲ್ಲ, ಎಲ್ಲ ಎಲೆಕ್ಟ್ರಾನಿಕ್ ಚಿಪ್‌ಗಳಲ್ಲೇ.

ಆದರೂ ನಾಲ್ಕು ದಿನ ಮನಸ್ಸು ಹೊಯ್ದಾಡಿತು. ಇದರ ಪ್ರೊಸೆಸರ್ ಇಂಟೆಲ್ಲಿನ ಆರನೇ ತಲೆಮಾರಿನದು; ವಿಂಡೋಸ್ 11ಕ್ಕೆ ಎಂಟನೆಯದಾದರೂ ಬೇಕು. ಇದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುತ್ತದೆಂದು ಆಗಲೇ ಹೇಳಿಯಾಗಿತ್ತು. ಬ್ಯಾಟರಿ ಮುಕ್ಕಾಲು ಗಂಟೆಯೂ ಬರುತ್ತಿರಲಿಲ್ಲ. ಎರಡು ವರ್ಷದ ಬಾಳಿಕೆಗೆ ದುಡ್ಡು ಹಾಕಬೇಕೆ?

ಐದನೇ ದಿನ ಹುಡುಗ ಡಿಸ್ಕಿನ ಆರೋಗ್ಯ ನೋಡುವ ಸಣ್ಣ ತಂತ್ರಾಂಶವೊಂದನ್ನು ಹಾಕಿದ. ಹಳದಿ ಬಣ್ಣದಲ್ಲಿ 'ಕಾಶನ್', ಅಂದರೆ ಎಚ್ಚರಿಕೆ, ಎಂದು ಬಂತು. ಡಿಸ್ಕಿನ ಕೆಲವು ಸೆಕ್ಟರ್‌ಗಳು, ಅಂದರೆ ಡೇಟಾ ಕೂರುವ ಸಣ್ಣ ಸಣ್ಣ ತುಣುಕುಗಳು, ಆಗಲೇ ಕೆಟ್ಟಿದ್ದವು. ಎದೆ ಧಸಕ್ಕೆಂದಿತು. ಅಜ್ಜಿ ಹಾಡಿದ ಮೂವತ್ತೇಳು ಪದಗಳು ಆ ಡಿಸ್ಕಿನಲ್ಲಿದ್ದವು. ಹಾಸನದ ಕಡೆಯ ನಮ್ಮೂರಿನ ಪಡಸಾಲೆಯಲ್ಲಿ ಅವಳನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಹಿಡಿದಿದ್ದೆ. ಅಜ್ಜಿ ಈಗಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಲೆಕ್ಕಾಚಾರವೆಲ್ಲ ಅಲ್ಲಿಗೆ ನಿಂತಿತು. ಆ ರಾತ್ರಿಯೇ ಪೆನ್‌ಡ್ರೈವಿಗೆ ಕಾಪಿ ಹಾಕಿ ಪಕ್ಕದಲ್ಲೇ ಕೂತೆ. ಸೋಬಾನೆ ಪದಗಳೆಲ್ಲ ಸರಾಗವಾಗಿ ಬಂದವು. ರಾಗಿ ಬೀಸುವ ಪದಕ್ಕೆ ಬಂದಾಗ ಹಸಿರು ಪಟ್ಟಿ ನಿಂತೇಬಿಟ್ಟಿತು. ಒಳಗಿಂದ ಕಟ್, ಕಟ್ ಎಂಬ ಸದ್ದು. ಕಾಪಿ ನಿಲ್ಲಿಸಿ, ಅದೊಂದನ್ನು ಬಿಟ್ಟು ಉಳಿದವನ್ನು ಕಾಪಿ ಮಾಡಿಕೊಂಡೆ.

ಮರುದಿನ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯವರು ಹಿಂಬದಿಯ ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಸಾಲಾಗಿಟ್ಟರು. "ಎಂ.2 ಸ್ಲಾಟಿಲ್ಲ ಮೇಡಂ, ಸಾಟಾದ್ದೇ ಹಾಕ್ಬೇಕು. ನಿಮ್ ಕೆಲ್ಸಕ್ಕೆ ಧಾರಾಳ ಆಯ್ತು" ಅಂದರು. ಎಂ.2 ಎಂದರೆ ಸಣ್ಣ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ; ಸಾಟಾದ್ದು ಹಳೆಯ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. 480 ಜಿಬಿಯದು, ಎರಡೂವರೆ ಸಾವಿರದೊಳಗೇ ಮುಗಿಯಿತು. ಕೈಗೆ ತಗೊಂಡರೆ ಖಾಲಿ ಡಬ್ಬಿಯಷ್ಟು ಹಗುರ. ಕೆಟ್ಟ ಡಿಸ್ಕನ್ನು ಹಾಗೇ ಕ್ಲೋನ್ ಮಾಡುವುದು, ಅಂದರೆ ಇದ್ದದ್ದನ್ನೆಲ್ಲ ಇದ್ದಂತೆಯೇ ನಕಲಿಸುವುದು, ಬೇಡವೆಂದು ವಿಂಡೋಸ್ ಹೊಸದಾಗಿ ಹಾಕಿಸಿದೆ. ಮನೆಗೆ ಬಂದು ಕನ್ನಡ ಟೈಪಿಂಗಿನ ತಂತ್ರಾಂಶ 'ನುಡಿ', ಫಾಂಟುಗಳನ್ನೆಲ್ಲ ಮತ್ತೆ ಕೂರಿಸಿದೆ.

ಈಗ ಹದಿನೆಂಟು ಸೆಕೆಂಡಿಗೆ ಏಳುತ್ತದೆ. ಮೊದಲು ತೆರೆದದ್ದು ಅಜ್ಜಿಯ ಫೋಲ್ಡರು. ಮೂವತ್ತಾರು ಪದ ಇವೆ. ಹಳೆಯ ಡಿಸ್ಕನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಡೇಟಾ ತೆಗೆದುಕೊಡುವವರ ಹತ್ತಿರ ಒಯ್ಯಬೇಕು. ಅಲ್ಲಿಯವರೆಗೆ ಅದಕ್ಕೆ ಕರೆಂಟು ಕೊಡುವುದಿಲ್ಲ.