ನಕ್ಷೆಯಲ್ಲಿ ಮೊದಲು ತಾಯಿಯ ಜಾಗ

ಬಾಗೇಪಲ್ಲಿಯಿಂದಲೋ ಗುಡಿಬಂಡೆಯಿಂದಲೋ ಒಂದು ಮಗುವನ್ನು ದೊಡ್ಡಾಸ್ಪತ್ರೆಗೆ ಕರೆತಂದರೆ ಜೊತೆಗೆ ಕಡಿಮೆಯೆಂದರೂ ಮೂವರು ಬರುತ್ತಾರೆ. ತಾಯಿ, ಅಜ್ಜಿ, ಓಡಾಟಕ್ಕೆ ಅಪ್ಪನೋ ಸೋದರಮಾವನೋ. ಮಗುವಿಗೆ ಮಂಚ ಸಿಗುತ್ತದೆ. ಉಳಿದವರು ಎಲ್ಲಿ ಕೂರಬೇಕು, ಎಲ್ಲಿ ಮಲಗಬೇಕು, ಒಗೆದ ಬಟ್ಟೆ ಎಲ್ಲಿ ಒಣಗಿಸಬೇಕು ಎಂಬುದು ಹೆಚ್ಚಿನ ನಕ್ಷೆಗಳಲ್ಲಿ ಇರುವುದೇ ಇಲ್ಲ. ಅವರು ಮಂಚದ ಕೆಳಗೆ, ಕಾರಿಡಾರಿನಲ್ಲಿ, ಮೆಟ್ಟಿಲ ಮಗ್ಗುಲಲ್ಲಿ ತಾವೇ ಚಾಪೆ ಹಾಸಿಕೊಳ್ಳುತ್ತಾರೆ. ಚಿಕ್ಕಬಳ್ಳಾಪುರದಂಥ ಜಿಲ್ಲೆಗೆ ಹೊಸದಾಗಿ ಮಕ್ಕಳ ಆಸ್ಪತ್ರೆ ಕಟ್ಟುವುದಾದರೆ, ಹಾಸಿಗೆ ಎಷ್ಟು ಎಂದು ಬರೆಯುವ ಮೊದಲು ಮಗುವಿನ ತಾಯಿ ರಾತ್ರಿ ಎಲ್ಲಿರುತ್ತಾಳೆ ಎಂದು ಗುರುತು ಮಾಡಬೇಕು. ಉಳಿದ ಬಹುಪಾಲು ತೀರ್ಮಾನಗಳು ಅಲ್ಲಿಂದಲೇ ಹೊರಡುತ್ತವೆ.

ಹಸುಗೂಸುಗಳ ವಿಶೇಷ ಆರೈಕೆ ಘಟಕದಿಂದ (ಎಸ್‌ಎನ್‌ಸಿಯು) ಶುರು ಮಾಡೋಣ, ತಪ್ಪಿಗೆ ಅತಿ ಹೆಚ್ಚು ಬೆಲೆ ತೆರಬೇಕಾದ ಜಾಗ ಅದು. ಎಸ್‌ಎನ್‌ಸಿಯು ಒಂದು ಮಹಡಿಯಲ್ಲಿ, ಬಾಣಂತಿಯರ ವಾರ್ಡು ಇನ್ನೊಂದು ಮಹಡಿಯಲ್ಲಿ ಇದ್ದರೆ ಏನಾಗುತ್ತದೆ ನೋಡಿ. ಸಣ್ಣ ಮಗುವಿಗೆ 2 ಗಂಟೆಗೊಮ್ಮೆ ಹಾಲು, ಅಂದರೆ ದಿನಕ್ಕೆ 12 ಸಲ. ಸಿಸೇರಿಯನ್ ಆಗಿ ಎರಡನೇ ದಿನದ ಹೊಲಿಗೆಯಲ್ಲಿ ಯಾವ ಹೆಂಗಸೂ 12 ಸಲ ಇಳಿದು ಹತ್ತಲಾರಳು. ರಾತ್ರಿಯ ಸರದಿಗಳು ಮೊದಲು ತಪ್ಪುತ್ತವೆ. ಹಾಲು ಹಿಂಡದೆ ಬಿಟ್ಟಷ್ಟೂ ಊರುವುದು ಕಡಿಮೆಯಾಗುತ್ತದೆ. ನಾಲ್ಕನೇ ದಿನಕ್ಕೆ "ಹಾಲೇ ಬರ್ತಿಲ್ಲ ಸಿಸ್ಟರ್" ಎಂಬ ಮಾತು, ಐದನೇ ದಿನಕ್ಕೆ ಪುಡಿ ಹಾಲು. ಇದಕ್ಕೆಲ್ಲ ಕಾರಣ ನಕ್ಷೆಯಲ್ಲಿ ಬರೆದ ಆ ಮೆಟ್ಟಿಲು.

ಇದಕ್ಕೆ ದಾರಿ ನಮ್ಮ ದೇಶದಲ್ಲೇ ಇದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ತಾಯಿಯ ಮಂಚವನ್ನೇ ಘಟಕದೊಳಗೆ ತಂದರು. ಆ ಆಸ್ಪತ್ರೆಯೂ ಸೇರಿದಂತೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1 ಕೆಜಿಗೆ ಮೇಲ್ಪಟ್ಟು 1.8 ಕೆಜಿಗಿಂತ ಕಡಿಮೆ ತೂಗುವ ಶಿಶುಗಳನ್ನು ಹುಟ್ಟಿದ ಕೂಡಲೇ ಎದೆಗಪ್ಪಿ ಇಟ್ಟುಕೊಂಡಾಗ, 28 ದಿನದೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಹೋಲಿಕೆಯ ಗುಂಪಿನ ಮಕ್ಕಳಿಗೂ ಹೀಗೆ ಎದೆಗಪ್ಪಿಕೊಳ್ಳುವ ಕಾಂಗರೂ ಆರೈಕೆ ಇತ್ತು, ಆದರೆ ಅವು ಮಗುವನ್ನು ಬೆಚ್ಚಗಿಡುವ ಯಂತ್ರವಾದ ವಾರ್ಮರಿನಲ್ಲಿ ಚೇತರಿಸಿಕೊಂಡ ನಂತರ. ನಕ್ಷೆ ಬರೆಯುವವರು ಗಮನಿಸಬೇಕಾದ ಅಂಕಿ ಇನ್ನೊಂದಿದೆ. ಹುಟ್ಟಿದ ಕೂಡಲೇ ಎದೆಗೇರಿದ ಮಕ್ಕಳು ತೀವ್ರ ನಿಗಾದಲ್ಲಿದ್ದಾಗಲೇ ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದವು. 17 ಗಂಟೆ ಎಂದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಗುವ ಕೆಲಸವಲ್ಲ, ಮಂಚ ಬೇಕು. ಅದರ ತಲೆಯ ಭಾಗ 30 ಡಿಗ್ರಿಯಷ್ಟು ಮೇಲೇಳಬೇಕು.

ಎಸ್‌ಎನ್‌ಸಿಯುನಲ್ಲಿ ಒಂದು ಮಗುವಿಗೆ 100 ಚದರ ಅಡಿ ಹಿಡಿಯುವುದು ವಾಡಿಕೆ. ಅರ್ಧ ವಾರ್ಮರಿನ ಸುತ್ತ, ಅರ್ಧ ಉಳಿದ ಕೆಲಸಗಳಿಗೆ. ತಾಯಿಯನ್ನು ಒಳಗೆ ತಂದರೆ ಮಗುವಿನ ಬಳಿಯೇ 10×11 ಅಡಿ ಬೇಕಾಗುತ್ತದೆ. ಮಂಚದ ಅಗಲ 3 ಅಡಿ, ನಡುವೆ ಒಂದೂವರೆ, ವಾರ್ಮರು ಎರಡೂವರೆ, ಆಚೆ ಬದಿ ಸಿಸ್ಟರ್ ನಿಂತು ಕೆಲಸ ಮಾಡಲು 3. ಉದ್ದದಲ್ಲಿ ಮಂಚಕ್ಕೆ ಆರೂವರೆ, ಕಾಲ ಬಳಿ ಟ್ರಾಲಿ ಹೋಗಲು ನಾಲ್ಕೂವರೆ. ಈ ನಾಲ್ಕೂವರೆ ಅಡಿಯನ್ನು ಕತ್ತರಿಸಿ ಇನ್ನೊಂದು ವಾರ್ಮರ್ ತೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಎಕ್ಸ್-ರೇ ಯಂತ್ರ ಒಳಗೆ ಬರಬೇಕಾದ ದಿನ ಇಬ್ಬರು ಬಾಣಂತಿಯರನ್ನು ಎಬ್ಬಿಸಿ ಮಂಚ ಎಳೆಯಬೇಕಾಗುತ್ತದೆ.

ಘಟಕದ ಬಿಸಿ 26ರಿಂದ 28 ಡಿಗ್ರಿ ಇರಬೇಕು. ನಂದಿ ಬೆಟ್ಟದ ಸುತ್ತಿನ ಈ ಊರುಗಳಲ್ಲಿ ಡಿಸೆಂಬರ್ ರಾತ್ರಿ ಹೊರಗೋಡೆ ತಣ್ಣಗಾಗಿ ಮಗುವಿನ ಮೈಶಾಖವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ವಾರ್ಮರು ಹೊರಗೋಡೆಯಿಂದಲೂ ಕಿಟಕಿಯಿಂದಲೂ 2 ಅಡಿ ದೂರ ನಿಲ್ಲಬೇಕು. ಎಸಿಯ ಗಾಳಿ ವಾರ್ಮರಿಗೆ ನೇರ ಬಡಿಯಬಾರದು. ಬಡಿದರೆ ಶಾಖ ಅಳೆಯಲು ಮೈಗೆ ಅಂಟಿಸಿದ ಪ್ರೋಬು ತಣ್ಣಗಾದಂತೆ ತೋರಿಸಿ ಹೀಟರು ಪೂರ್ತಿ ಉರಿಯುತ್ತದೆ, ಅದೇ ಹೊತ್ತಿಗೆ ಪ್ರೋಬು ಸಡಿಲವಾದರೆ ಮಗು ಬೆಂದಂತಾಗುತ್ತದೆ. ಗೋಡೆಗೆ ಬಿಳಿ ಅಥವಾ ಕೆನೆಬಿಳಿ ಬಣ್ಣ ಮಾತ್ರ. ದಾನಿಗಳು ಪ್ರೀತಿಯಿಂದ ನೀಲಿ, ಹಳದಿ ಬಳಿಸಲು ಬರುತ್ತಾರೆ. ಹಳದಿ ಗೋಡೆಯ ಬೆಳಕು ಚರ್ಮದ ಮೇಲೆ ಬಿದ್ದರೆ ಕಾಮಾಲೆ ಗೊತ್ತಾಗುವುದಿಲ್ಲ, ನೀಲಿ ಗೋಡೆಯಿದ್ದರೆ ಮಗು ನೀಲಿಗಟ್ಟಿದ್ದು ತಿಳಿಯುವುದಿಲ್ಲ. ಚಿತ್ರಗಳೆಲ್ಲ ದೊಡ್ಡ ಮಕ್ಕಳ ವಾರ್ಡಿಗೆ ಹೋಗಲಿ, ಅಲ್ಲೂ ಗೋಡೆಗಿಂತ ಸೀಲಿಂಗಿಗೆ. ಸ್ಟ್ರೆಚರ್ ಮೇಲೆ ಮಲಗಿದ ಮಗುವಿಗೆ ಕಾಣುವುದು ಅದೊಂದೇ.

ಪ್ರತಿ ವಾರ್ಮರಿಗೆ 6ರಿಂದ 8 ಪ್ಲಗ್ ಪಾಯಿಂಟು, ಅರ್ಧ 5 ಆಂಪಿಯರ್, ಅರ್ಧ 15. ತಾಯಿಯ ಕಡೆ ಬೇರೆ ಬಣ್ಣದ ಪ್ಲೇಟಿನಲ್ಲಿ ಮೊಬೈಲಿಗೆಂದೇ ಒಂದು. ಅದಿಲ್ಲದಿದ್ದರೆ ಮಗುವಿಗೆ ಔಷಧ ಹರಿಸುವ ಸಿರಿಂಜ್ ಪಂಪಿನ ಪ್ಲಗ್ಗೇ ಕೀಳಲ್ಪಡುತ್ತದೆ, ಊರಿನಿಂದ ಬರುವ ಫೋನೂ ಆಕೆಗೆ ಮುಖ್ಯ ತಾನೇ. ಸದ್ದು ಸರಾಸರಿ 45 ಡೆಸಿಬೆಲ್ ಮೀರಬಾರದು. ಅದನ್ನು ಮೀರಿಸುವುದು ಹೆಚ್ಚಾಗಿ ಸ್ಟೀಲ್ ಡಬ್ಬದ ಮುಚ್ಚಳ, ಕಬ್ಬಿಣದ ಚಕ್ರ, ರಪ್ಪೆಂದು ಬಡಿಯುವ ಬಾಗಿಲು. ಮೂರಕ್ಕೂ ರಬ್ಬರ್ ಸಾಕು.

ದೊಡ್ಡ ಮಕ್ಕಳ ವಾರ್ಡಿನಲ್ಲಿ ಮಡಚುವ ಕುರ್ಚಿ-ಮಂಚ ನಂಬಬೇಡಿ. ಅದರ ಕೀಲು ಬೇಗ ಹೋಗುತ್ತದೆ, ಸೀರೆ ಸಿಕ್ಕಿಕೊಳ್ಳುತ್ತದೆ, ಬೆರಳು ಜಜ್ಜುತ್ತದೆ. ನಮ್ಮ ಕಡೆ ಹಳೆಯ ಮನೆಗಳ ಜಗಲಿ ಇದಕ್ಕೆ ಸರಿಯಾದ ಮಾದರಿ. ಕಿಟಕಿಗೆ ಹೊಂದಿಕೊಂಡು ಆರೂವರೆ ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಟ್ಟೆ, ಮೇಲೆ ಚಪ್ಪಡಿ, ಅದರ ಮೇಲೆ ಒರೆಸಲು ಬರುವ ರೆಕ್ಸಿನ್ ಹೊದಿಸಿದ 4 ಇಂಚಿನ ಹಾಸು, ಕೆಳಗೆ ಬೀಗ ಹಾಕುವ ಪೆಟ್ಟಿಗೆ. ಹೊಲಿಗೆಯಿರುವ ಹಾಸು ಬೇಡ, ಸಂದಿಯಲ್ಲಿ ವಾಂತಿ ಇಳಿದರೆ ಮತ್ತೆ ಶುದ್ಧ ಮಾಡಲಾಗದು. ತಾಯಿಗೆ ಕೈಯಳತೆಯಲ್ಲಿ ಜಾಗವಿದ್ದರೆ ಮಗುವಿನ ಮಂಚಕ್ಕೇ ಹತ್ತಿ ಮಲಗುವುದು ಕಡಿಮೆಯಾಗುತ್ತದೆ, ಮಗು ಬೀಳುವುದೂ. ತೊಟ್ಟಿಲ ಸರಳುಗಳ ಸಂದು 6 ಸೆಂಟಿಮೀಟರ್ ಮೀರದಿರಲಿ. ಮೀರಿದರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಮಲಗಿದ ಮಗುವಿಗೆ ಹೊರಗಿನ ಹೊಂಗೆಯೋ ಬೇವೋ ಕಾಣುವಷ್ಟು ಕಿಟಕಿ ತಗ್ಗಿನಲ್ಲಿರಲಿ, ಆದರೆ 10 ಸೆಂಟಿಮೀಟರ್‌ಗಿಂತ ಹೆಚ್ಚು ತೆರೆಯದಂತೆ ತಡೆ ಇರಲಿ.

ಇಡೀ ಆಸ್ಪತ್ರೆಯಲ್ಲಿ ಒಂದೇ ಒಂದು ಹೆಚ್ಚುವರಿ ಕೋಣೆಗೆ ದುಡ್ಡಿದ್ದರೆ ಅದು ಸೂಜಿ ಚುಚ್ಚುವ ಕೋಣೆಯಾಗಲಿ. ಡ್ರಿಪ್ ಹಾಕುವುದು, ರಕ್ತ ತೆಗೆಯುವುದು, ಡ್ರೆಸ್ಸಿಂಗ್ ಎಲ್ಲ ಮಂಚದ ಮೇಲೆಯೇ ನಡೆದರೆ ಬಿಳಿ ಕೋಟು ಕಂಡಾಗಲೆಲ್ಲ ಮಗು ಕಿರುಚುತ್ತದೆ, ಪಕ್ಕದ ಐದು ಮಂಚದ ಮಕ್ಕಳೂ. ಕೋಣೆಯಲ್ಲಿ ಮೇಜಿಗಿಂತ ಮುಖ್ಯ ಕೈಗಳಿಲ್ಲದ ಅಗಲವಾದ ಕುರ್ಚಿ. ತಾಯಿ ಅದರಲ್ಲಿ ಕೂತು ಮಗುವನ್ನು ಎದೆಗೆದೆ ತಬ್ಬಿಕೊಳ್ಳುತ್ತಾಳೆ, ಮಗುವಿನ ಒಂದು ಕೈ ಅವಳ ಕಂಕುಳ ಕೆಳಗಿನಿಂದ ಹಿಂದಕ್ಕೆ ಬರುತ್ತದೆ, ಸಿಸ್ಟರ್ ಹಿಂದೆ ಸ್ಟೂಲಿನಲ್ಲಿ ಕೂತು ಕೆಲಸ ಮಾಡುತ್ತಾರೆ. ಮೂವರು ಹಿಡಿದು ಅದುಮುವುದಕ್ಕಿಂತ ಮಗು ಇದರಲ್ಲಿ ಕಡಿಮೆ ಒದ್ದಾಡುತ್ತದೆ. ಹಳದಿ ಬಣ್ಣದ 24 ಗೇಜ್ ಕ್ಯಾನುಲಾ (ಡ್ರಿಪ್ಪಿಗೆ ರಕ್ತನಾಳದಲ್ಲಿ ಇಡುವ ಸಣ್ಣ ನಳಿಕೆ), ಕತ್ತರಿಸಿಟ್ಟ ಪ್ಲಾಸ್ಟರ್, ಕೈಗೆ ಕಟ್ಟುವ ಹಲಗೆ ಎಲ್ಲ ಮಗು ಒಳಗೆ ಬರುವ ಮುಂಚೆಯೇ ತಟ್ಟೆಯಲ್ಲಿರಬೇಕು. ಮರಗಟ್ಟಿಸುವ ಮುಲಾಮು ಹಚ್ಚಿದರೆ ಒಂದು ಗಂಟೆ ಕಾಯಬೇಕು. ಹಚ್ಚಿ ಹತ್ತು ನಿಮಿಷಕ್ಕೆ ಚುಚ್ಚಿ "ಇದು ಕೆಲಸ ಮಾಡಲ್ಲ" ಎನ್ನುವುದು ಸರಿಯಲ್ಲ. ಎರಡು ಸಲ ಚುಚ್ಚಿ ಸಿಗದಿದ್ದರೆ ಕೈ ಬದಲಿಸಿ, ಅಂದರೆ ಚುಚ್ಚುವವರನ್ನು.

ನೀರಿನ ವಿಚಾರ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬೇರೆಯೇ. ಬೋರ್‌ವೆಲ್ಲಿನ ಗಡಸು ನೀರಿಗೆ ಗೀಸರಿನ ಕಾಯಿಲು ಸುಣ್ಣಗಟ್ಟುತ್ತದೆ, ನಲ್ಲಿಯ ಜಾಲರಿ ಕಟ್ಟಿಕೊಳ್ಳುತ್ತದೆ. ಐಸಿಯು ನಲ್ಲಿಗೆ ಜಾಲರಿಯೇ ಬೇಡ, ಅದರಲ್ಲಿ ರೋಗಾಣು ಮನೆ ಮಾಡುತ್ತವೆ. ಬಿಸಿನೀರಿನ ಕೊಳವೆಗೆ ಮಾತ್ರ ಗಡಸುತನ ತೆಗೆಯುವ ಸಣ್ಣ ಸಾಫ್ಟನರ್ ಹಾಕಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ಬೇಸಿನ್ ಆಳವಾಗಿರಲಿ, ನೀರು ನೇರ ತೂತಿಗೆ ಬೀಳದಿರಲಿ, ಮಂಚದಿಂದಲೂ ಔಷಧದ ತಟ್ಟೆಯಿಂದಲೂ 3 ಅಡಿ ದೂರವಿರಲಿ. ಸಿಡಿದ ಹನಿಯಲ್ಲೇ ಸೋಂಕು ಹರಡುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪರೀಕ್ಷೆ ಕಡ್ಡಾಯ. ಬಟ್ಟೆಗೆ ಬಿಸಿಲು ಬೀಳುವ ತಂತಿ ಬೇಕು, ಇಲ್ಲದಿದ್ದರೆ ಹಸಿ ಬಟ್ಟೆ ಆಕ್ಸಿಜನ್ ಪೈಪಿನ ಮೇಲೆ ನೇತಾಡುತ್ತದೆ.

ಊಟ. ಸರ್ಕಾರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಾಣಂತಿಗೆ ಉಚಿತ ಊಟ ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7. ಒಂದೂವರೆ ಕೆಜಿಯ ಮಗು ವಾರಗಟ್ಟಲೆ ಉಳಿಯುತ್ತದೆ. ಆ ಅಂತರದ ಮುದ್ದೆ, ಸೊಪ್ಪಿನ ಸಾರು, ಫ್ಲಾಸ್ಕಿಗೆ ಬಿಸಿನೀರು ಎಲ್ಲಿಂದ ಎಂದು ಅಡುಗೆಮನೆಯ ಅಳತೆ ಹಾಕುವಾಗಲೇ ಕೇಳಬೇಕು. ಅಪ್ಪನಿಗೂ ಒಳಗೆ ಬರಲು ಬಿಡಬೇಕು, ತಾಯಿ ಮೀಯುವ, ಉಣ್ಣುವ ಹೊತ್ತು ಮಗುವನ್ನು ಎದೆಗೆ ಕಟ್ಟಿಕೊಳ್ಳಲು ಅವನಿಗೂ ಆಗುತ್ತದೆ. ಅದಕ್ಕೆ ಮಂಚದ ಸುತ್ತ ಪರದೆ ಇರಬೇಕಾದ್ದು ಮುಖ್ಯ, ಪಕ್ಕದ ಬಾಣಂತಿಗೆ ಮುಜುಗರವಾಗಬಾರದು.

ಫಲಕಗಳು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಇರಲಿ. ಬಾಗೇಪಲ್ಲಿ ಕಡೆಯ ಅಜ್ಜಿಗೆ "ಕೊಠಡಿ ಸಂಖ್ಯೆ 114" ಹೇಳುವುದಕ್ಕಿಂತ ನವಿಲಿನ ಚಿತ್ರದ ಬಾಗಿಲು ಎಂದರೆ ದಾರಿ ತಪ್ಪುವುದಿಲ್ಲ.

ಇಷ್ಟೂ ಆದ ಮೇಲೆ, ತಳಪಾಯ ಅಗೆಯುವ ಮೊದಲು, ಯಾವುದಾದರೂ ಶಾಲೆಯ ಹಾಲಿನಲ್ಲಿ ಸುಣ್ಣದ ಪುಡಿಯಿಂದ ಒಂದು ವಾರ್ಡನ್ನು ನಿಜ ಅಳತೆಯಲ್ಲೇ ಬರೆಯಿರಿ. ಎರಡು ಮಂಚ, ಒಂದು ಆಕ್ಸಿಜನ್ ಸಿಲಿಂಡರ್, ಒಂದು ಟ್ರಾಲಿ ತನ್ನಿ. ರಾತ್ರಿ ಪಾಳಿಯ ಸಿಸ್ಟರ್‌ಗಳನ್ನೂ ಈಚೆಗೆ ಮಗುವಿನೊಂದಿಗೆ ಆಸ್ಪತ್ರೆಯಲ್ಲಿದ್ದು ಬಂದ ನಾಲ್ಕೈದು ತಾಯಂದಿರನ್ನೂ ಕರೆಯಿರಿ. ಉಸಿರು ನಿಂತ ಮಗುವಿನ ಸುತ್ತ ನಾಲ್ವರು ನಿಲ್ಲಲಾಗುತ್ತದೆಯೇ, ಆಗ ತಾಯಿ ಎಲ್ಲಿ ನಿಲ್ಲುತ್ತಾಳೆ, ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಶೌಚಾಲಯದ ಬಾಗಿಲು ದಾಟಬಹುದೇ, ಮಲಗಿದ ತಾಯಿಯ ಕೈ ಮಗುವಿಗೆ ಎಟಕುತ್ತದೆಯೇ ಎಂದು ಒಂದೊಂದಾಗಿ ಮಾಡಿಸಿ ನೋಡಿ. ಎಟಕದಿದ್ದರೆ ಗೆರೆ ಅಳಿಸಿ ಮತ್ತೆ ಬರೆಯಿರಿ.