ಹಿರಿಯರ ವ್ಯಾಯಾಮದ ಗುಂಪು: ಕೆಲಸ ಎಲ್ಲಿಗೆ ಬಂತು

ನಮ್ಮ ಆರೋಗ್ಯ ಕೇಂದ್ರದ ಹಿರಿಯರ ವ್ಯಾಯಾಮದ ಗುಂಪು ಈಗ ಒಂದು ಹದಕ್ಕೆ ಬಂದಿದೆ. ಇಲ್ಲಿಯವರೆಗೆ ಏನೇನು ಮಾಡಿದೆವು ಅಂತ ಬರೆದಿಡುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಲಿ.

ಮೊದಲು ಜನ ಸೇರಿದ ಬಗೆ. ಗೋಡೆಗೆ ಅಂಟಿಸಿದ ಪೋಸ್ಟರ್ ನೋಡಿ ಬಂದವರು ಕಮ್ಮಿ. ನರ್ಸ್ ಬಿಪಿ ನೋಡಿ ತೋಳಿನ ಪಟ್ಟಿ ಬಿಚ್ಚುತ್ತಾ, "ಅಮ್ಮಾ, ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗುತ್ತಾ?" ಅಂತ ಕೇಳಿದ್ದರಿಂದ ಬಂದವರೇ ಜಾಸ್ತಿ. ಬಹಳ ಜನ ಹೌದು ಅನ್ನುತ್ತಾರೆ. "ಹಾಗಾದ್ರೆ ಪಕ್ಕದ ಕೋಣೆಗೆ ಒಂದ್ಸಲ ಹೋಗಿ ಬನ್ನಿ" ಅಂದರೆ ಸಾಕು, ಹೋಗುತ್ತಾರೆ. ಬಿಪಿಗೆ, ಶುಗರ್‌ಗೆ ಅಂತ ಅವರು ಕೇಂದ್ರಕ್ಕೆ ಹೇಗೂ ಬರುತ್ತಾರೆ, ಸರದಿಗೆ ಕಾಯುತ್ತಾ ಕೂತಿರುತ್ತಾರೆ. ಆ ಕಾಯುವ ಹೊತ್ತನ್ನೇ ನಾವು ಬಳಸಿಕೊಂಡೆವು. ವ್ಯಾಯಾಮಕ್ಕೆ ಅಂತಲೇ ಇನ್ನೊಂದು ದಿನ ಬನ್ನಿ ಅಂದಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ.

ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ನಾನು ದಿನಾ ವಾಕಿಂಗ್ ಮಾಡ್ತೀನಲ್ಲ, ಸಾಲದಾ?" ವಾಕಿಂಗ್ ಒಳ್ಳೆಯದೇ, ಬಿಡಬೇಡಿ ಅಂತಲೇ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯ ಪ್ರಕಾರ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು. ಮಧ್ಯಮ ಅಂದರೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಆದರೆ ಅದೇ ಸಲಹೆಯಲ್ಲಿ ಇನ್ನೆರಡು ಮಾತಿವೆ. ವಾರಕ್ಕೆ ಕಡೇಪಕ್ಷ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, 3 ದಿನ ಸಮತೋಲನದ ವ್ಯಾಯಾಮ. ಇವೆರಡೂ ಹಿರಿಯರ ಕಿವಿಗೆ ಬೀಳುವುದೇ ಅಪರೂಪ. ಅವರಿಗೆ ನಿಜವಾಗಿ ಭಯ ಇರುವುದು ಬೀಳುವುದರ ಬಗ್ಗೆ. ಬೀಳುವುದನ್ನು ತಪ್ಪಿಸಲು ಸಮತೋಲನದ ಅಭ್ಯಾಸಕ್ಕೆ ಇರುವಷ್ಟು ಗಟ್ಟಿ ಆಧಾರ ಬರೀ ನಡಿಗೆಗೆ ಸಿಕ್ಕಿಲ್ಲ. ಅದಕ್ಕೇ ನಮ್ಮ ಗುಂಪಿನ ಮುಖ್ಯ ಸಾಮಾನು ಕುರ್ಚಿ.

ಸೇರಿದ ದಿನವೇ ಒಂದು ಅಳತೆ ತೆಗೆದುಕೊಳ್ಳುತ್ತೇವೆ. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈ ಇಲ್ಲದ ಕುರ್ಚಿ. ಅದರ ಬೆನ್ನು ಗೋಡೆಗೆ ತಾಗಿರಬೇಕು, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸುತ್ತೇವೆ. ಕೈ ಊರಿದರೆ ಲೆಕ್ಕ ಸೊನ್ನೆ. ಆ ಸೊನ್ನೆಯನ್ನು ಅವರ ಎದುರಿಗೇ ಬರೆಯಲು ಮನಸ್ಸು ಬರುವುದಿಲ್ಲ. ಆದರೂ ಬರೆಯುತ್ತೇವೆ, ಮುಂದೆ ಸುಧಾರಿಸಿದ್ದು ಕಾಣುವುದು ಅದರಿಂದಲೇ ಅಲ್ವಾ. ಇನ್ನೊಂದು ಪರೀಕ್ಷೆ, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ತಿಳಿದು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸುತ್ತೇವೆ.

ವ್ಯಾಯಾಮಗಳು ಸರಳ. ಕುರ್ಚಿಯಿಂದ ಏಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಿಲ್ಲುವುದು. ನಾವು ತುಂಬಾ ಒತ್ತಿ ಹೇಳುವುದು ಕೂರುವ ರೀತಿಯನ್ನು. ಹೆಚ್ಚಿನವರು ಅರ್ಧ ದಾರಿಯಲ್ಲೇ ಕಾಲು ಬಿಟ್ಟು ಧೊಪ್ಪನೆ ಕೂರುತ್ತಾರೆ. ಒಂದು, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸುತ್ತಾ ನಿಧಾನ ಇಳಿದರೆ ತೊಡೆಗೆ ಕೆಲಸ ಸಿಗುತ್ತದೆ, ಉಸಿರು ಕಟ್ಟುವುದೂ ತಪ್ಪುತ್ತದೆ. ನಿಂತು ಮಾಡುವಾಗ ಮೊದಲು ಅಂಗೈ ಪೂರ್ತಿ ಕುರ್ಚಿಯ ಬೆನ್ನಿನ ಮೇಲೆ. ಆಮೇಲೆ ಎರಡು ಬೆರಳು, ಆಮೇಲೆ ಒಂದೇ ಬೆರಳು. ಕೊನೆಗೆ ಕೈ ಬಿಟ್ಟು, ಆದರೆ ಕುರ್ಚಿ ಕೈಗೆ ಸಿಗುವಷ್ಟು ಹತ್ತಿರದಲ್ಲೇ.

ಬಿಪಿ ಮಾತ್ರೆ ತೆಗೆದುಕೊಳ್ಳುವವರ ಬಗ್ಗೆ ಎಚ್ಚರ ಬೇಕು. ಎದ್ದ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅವರನ್ನು ಡಾಕ್ಟರ್ ನೋಡುವವರೆಗೆ ಕೂತು ಮಾಡುವ ವ್ಯಾಯಾಮವಷ್ಟೇ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸುತ್ತೇವೆ.

ಎಂಬತ್ತು ದಾಟಿದ ಒಬ್ಬ ಯಜಮಾನರು ಬಾಗಿಲ ಹತ್ತಿರವೇ ನಿಂತು, "ಈ ವಯಸ್ಸಲ್ಲಿ ಇನ್ನೇನು ಬಲ ಬರುತ್ತಪ್ಪಾ" ಅಂದರು. ಅವರಿಗೆ ನಾನು ಬೋಸ್ಟನ್‌ನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದ ಕಥೆ ಹೇಳಿದೆ. ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ 10 ಜನ. 8 ವಾರ ಕಾಲಿಗೆ ತೂಕದ ವ್ಯಾಯಾಮ. ಪೂರ್ತಿ ಮಾಡಿದ 9 ಜನರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಯಜಮಾನರು "ತೊಂಬತ್ತಾ?" ಅಂತ ಇನ್ನೊಂದು ಸಲ ಕೇಳಿ, ಒಳಗೆ ಬಂದು ಕೂತರು. ಈಗ ಹೊಸಬರಿಗೆ ಎಣಿಸುವವರು ಅವರೇ.

ಕಷ್ಟ ಇರುವುದು ಬಿಟ್ಟುಹೋದವರನ್ನು ವಾಪಸ್ ಕರೆತರುವುದರಲ್ಲಿ. ಜ್ವರ, ಊರಿಗೆ ಹೋಗಿದ್ದು, ಮಂಡಿ ನೋವು, ಯಾವುದೋ ಒಂದು ಕಾರಣಕ್ಕೆ ತಪ್ಪಿದರೆ ಆಮೇಲೆ ಮುಜುಗರಕ್ಕೇ ಬರುವುದಿಲ್ಲ. ನಾವು ಫೋನ್ ಮಾಡಿದರೆ ಹೂಂ ಅಂತಾರೆ, ಬರಲ್ಲ. ಗುಂಪಿನ ಜೊತೆಗಾರರೇ ಫೋನ್ ಮಾಡಿ "ಯಾಕ್ರೀ ಕಾಣ್ಲಿಲ್ಲ?" ಅಂದರೆ ಬರುತ್ತಾರೆ. ಅದಕ್ಕೇ ಇಬ್ಬಿಬ್ಬರನ್ನು ಜೋಡಿ ಮಾಡಿದ್ದೇವೆ. ವಾಪಸ್ ಬಂದವರಿಗೆ ಮತ್ತೆ ಅಂಗೈ ಊರಿಯೇ ಶುರು.

ಮುಂದಿನ ಕೆಲಸ ಡಾಕ್ಟರ ಚೀಟಿಯದು. ನ್ಯೂಜಿಲೆಂಡ್‌ನಲ್ಲಿ 1998ರಿಂದ ಡಾಕ್ಟರೇ ಚಟುವಟಿಕೆಯನ್ನು ಚೀಟಿಯಲ್ಲಿ ಬರೆದು ಕೊಡುವ 'ಹಸಿರು ಚೀಟಿ' ಪದ್ಧತಿ ಇದೆ. ನಮ್ಮ ಡಾಕ್ಟರೂ ಒಪ್ಪಿದ್ದಾರೆ. ಮಾತ್ರೆಗಳ ಕೆಳಗೆ ಎರಡು ಸಾಲು: ಯಾವ ವ್ಯಾಯಾಮ, ವಾರಕ್ಕೆ ಎಷ್ಟು ದಿನ. ಅಕ್ಷರ ದಪ್ಪಗಿರಲಿ ಅಂತ ಕೇಳಿದ್ದೇವೆ. ಮೊದಲ ಕರಡು ನರ್ಸ್ ಹತ್ತಿರ ಇದೆ.