ಸ್ಪಿತಿಗೆ ಹೋಗೋರು ಶಿಮ್ಲಾ ಕಡೆಯಿಂದ ಹತ್ತಿರಿ

ಮೊದಲು ನಾವು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಮನಾಲಿ ಕಡೆಯಿಂದ ಹತ್ತಿದೆವು. ನಮ್ಮ ರಾಯಚೂರು ಸಮುದ್ರಮಟ್ಟದಿಂದ ಸುಮಾರು 1,300 ಅಡಿ ಮೇಲಿರುವ ಊರು. ಮನಾಲಿಯಲ್ಲಿ ಒಂದೇ ರಾತ್ರಿ ಮಲಗಿ, ಮರುದಿನ ಸಂಜೆಗೆ 14,000 ಅಡಿ ಮೇಲಿನ ಚಂದ್ರತಾಲ್ ಸರೋವರದ ಹತ್ತಿರದ ಟೆಂಟಿನಲ್ಲಿದ್ದೆವು. ಆರು ಜನರಲ್ಲಿ ನಾಲ್ವರಿಗೆ ತಲೆ ಸಿಡಿತ, ಇಬ್ಬರಿಗೆ ವಾಂತಿ. ಬೆಳಿಗ್ಗೆ ಸರೋವರ ನೋಡೋಣ ನಡೀರಿ ಅಂದರೆ ನಮ್ಮ ಭಾವ ರಗ್ಗಿನಿಂದ ಮುಖ ಹೊರಗೆ ಹಾಕಲಿಲ್ಲ. ಅಷ್ಟು ದೂರ ಹೋಗಿ ಚಂದ್ರತಾಲ್ ನೋಡದೆ ಬಂದ ಪುಣ್ಯಾತ್ಮ ಆತ.

ಅಲ್ಲಿ ಸಿಕ್ಕಿಕೊಂಡರೆ ಇಳಿಯುವುದೂ ಸುಲಭವಿಲ್ಲ. ಸ್ಪಿತಿಯ ದೊಡ್ಡ ಊರು ಕಾಜಾ 12,000 ಅಡಿಯಲ್ಲಿದೆ, ಆಸ್ಪತ್ರೆಯೂ ಅಲ್ಲಿದೆ. ಆದರೆ ಅಲ್ಲಿಗೆ ಇಳಿಯಬೇಕೆಂದರೆ ಮೊದಲು ಇನ್ನೂ ಮೇಲಕ್ಕೆ, 15,000 ಅಡಿಯ ಕುಂಜುಮ್ ಪಾಸ್ (ಬೆಟ್ಟದ ನೆತ್ತಿಯ ದಾರಿ) ದಾಟಬೇಕು. ಇಲ್ಲದಿದ್ದರೆ ಬಂದ ಹಳ್ಳಗಳನ್ನೇ ಮತ್ತೆ ದಾಟಿ ಮನಾಲಿಗೆ ವಾಪಸ್. ಅದಕ್ಕೇ ಶಿಮ್ಲಾ, ಕಲ್ಪಾ, ತಾಬೋ, ಕಾಜಾ ಅಂತ ನಿಧಾನ ಹತ್ತಿ, ಚಂದ್ರತಾಲನ್ನು ಕೊನೆಗೆ ಇಟ್ಟುಕೊಂಡು ಮನಾಲಿಗೆ ಇಳಿಯಿರಿ. ಎರಡು ದಿನ ಹೆಚ್ಚಾಗುತ್ತದೆ, ಆಗಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಎಂಬುದು ವೈದ್ಯರ ಮಾತು. ಎತ್ತರಕ್ಕೆ ಹೋದಾಗ ಬರುವ ಈ ಕಾಯಿಲೆ ತಡೆಯುವ ಡಯಾಮಾಕ್ಸ್ ಗುಳಿಗೆಯನ್ನು ಊರಲ್ಲೇ ಡಾಕ್ಟರನ್ನು ಕೇಳಿ ಒಯ್ಯಿರಿ. ಸಲ್ಫಾ ಅಲರ್ಜಿ ಇದ್ದವರು ಅದನ್ನು ಮರೆಯದೆ ಹೇಳಬೇಕು. ಎಣ್ಣೆ ಬಾಟಲಿ ಚೀಲದಲ್ಲೇ ಇರಲಿ.

ಇನ್ನು ಗಾಡಿ. ಮನಾಲಿಯಲ್ಲಿ ನಮಗೆ ಸಿಕ್ಕದ್ದು ಎರಡು ಥಾರ್ ಜೀಪು, ಮುಂದೆ ಗೈಡಿನದೊಂದು. ನಾವೇ ಓಡಿಸಬೇಕು, ಮೂರೂ ಗಾಡಿಯಲ್ಲಿ ವಾಕಿಟಾಕಿ. ಹಣ ಹಾಕುವ ಮೊದಲು ಗಾಡಿಯ ಫೋಟೋ ತರಿಸಿಕೊಳ್ಳಿ. ಬಾಡಿಗೆಗೆ ತೆಗೆದುಕೊಂಡು ನಾವೇ ಓಡಿಸುವ ಗಾಡಿಗೆ ಕಪ್ಪು ನಂಬರ್ ಪ್ಲೇಟು, ಹಳದಿ ಅಕ್ಷರ ಇರಬೇಕು. ಯಾರದೋ ಮನೆಯ ಬಿಳಿ ಪ್ಲೇಟಿನ ಗಾಡಿ ಕೊಟ್ಟರೆ ದಾರಿಯಲ್ಲಿ ತಕರಾರು ನಿಮ್ಮದು. ಗಾಡಿಯ ಅಡಿಗೆ ಕಲ್ಲು ಬಡಿದರೆ ಖರ್ಚು ಯಾರದು ಅಂತಲೂ ಬರೆಸಿಕೊಳ್ಳಿ. ನಮ್ಮ ಡಿಪಾಜಿಟ್ಟಿನಲ್ಲಿ ಅರ್ಧ ಹಾಗೇ ಹೋಯಿತು.

ಗೈಡು ಕಾಜಾ ಕಡೆಯ ಹುಡುಗ. ಬೆಳಿಗ್ಗೆ ನಾಲ್ಕಕ್ಕೆ ಹೊರಡೋಣ ಅಂದಿದ್ದ. ನಾವು ಪರಾಠಾ ತಿಂದು ಹೊರಟಾಗ ಏಳು. ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಸೆಲ್ಫಿ, ಚಹಾ, ಮತ್ತೆ ಸೆಲ್ಫಿ. ಗ್ರಾಂಫೂ ದಾಟಿದರೆ ರಸ್ತೆ ಅನ್ನುವುದು ಬರೀ ಕಲ್ಲಿನ ರಾಶಿ, ನಡುನಡುವೆ ಹಿಮ ಕರಗಿ ಬರುವ ಹಳ್ಳಗಳು. ಮುಂಜಾನೆ ಅವು ಸಣ್ಣಗಿರುತ್ತವೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನಕ್ಕೆ ತುಂಬಿ ಹರಿಯುತ್ತವೆ. ಛತ್ರು ದಾಟಿದ ಮೇಲೆ ಒಂದು ಹಳ್ಳದ ಮುಂದೆ ನಿಂತಾಗ ಒಂದು ಗಂಟೆ ಆಗಿತ್ತು.

ಹುಡುಗ ಗಮ್‌ಬೂಟು ಹಾಕಿ ಕೋಲು ಹಿಡಿದು ನೀರಿಗಿಳಿದ. ಮೊಣಕಾಲ ತನಕ ಬಂತು. ನೊರೆ ಎದ್ದ ಕಡೆ ಆಳ ಕಡಿಮೆ, ನುಣ್ಣಗೆ ಕಪ್ಪಗೆ ಹರಿಯುವ ಕಡೆ ಗುಂಡಿ ಅಂತ ಕೋಲಿನಿಂದ ತೋರಿಸಿ, ಎರಡು ಕಲ್ಲು ಉರುಳಿಸಿ ದಾರಿ ಮಾಡಿದ. ಗಾಡಿ ಫೋರ್ ಎಲ್‌ನಲ್ಲಿ (ನಾಲ್ಕೂ ಚಕ್ರ ನಿಧಾನವಾಗಿ, ಜೋರಾಗಿ ಎಳೆಯುವಂತೆ), ಗೇರ್ ಮೊದಲನೆಯದರಲ್ಲೇ ಇರಲಿ, ಕ್ಲಚ್ ಮುಟ್ಟಬೇಡಿ, ಒಂದೇ ಸಮ ಬನ್ನಿ ಎಂದ. ಭಾವ ಸಿಂಧನೂರಿನ ಭತ್ತದ ರೈತ. "ಕೆಸರುಗದ್ದ್ಯಾಗ ಟ್ರ್ಯಾಕ್ಟರ್ ಹೊಡ್ದವ್ರಿಗೆ ಇದೇನ್ ಲೆಕ್ಕ ಬಿಡೋ" ಅಂದು ಸ್ಟೇರಿಂಗ್ ಹಿಡಿದರು. ನಡುನೀರಿನಲ್ಲಿದ್ದಾಗ ವಾಕಿಟಾಕಿ ಗರಗರ ಅಂತು: "ರುಕನಾ ಮತ್!" ನಿಲ್ಲಿಸಬೇಡಿ ಅಂತ. ಭಾವನಿಗೆ ಕೇಳಿದ್ದು "ರುಕನಾ", ನಿಲ್ಲಿಸು, ಅಷ್ಟೇ. ಗಪ್ಪನೆ ಬ್ರೇಕ್. ಇಂಜಿನ್ ಬಂದ್. ಬಾಗಿಲ ಸಂದಿಯಿಂದ ನೀರು ಒಳಬಂದು ನನ್ನ ಚಪ್ಪಲಿ ತೇಲಿ ಸೀಟಿನಡಿ ಹೋಯಿತು. ಪಟ್ಟಿ ಕಟ್ಟಿ ಎಳೆದು ದಡ ಸೇರಿಸಲು ಅರ್ಧ ತಾಸು.

ಆಮೇಲೆ ಹುಡುಗ "ಚಲೋ, ಚಲೋ" ಅಂದರೆ ಭಾವ "ಏನ್ ಚಲೋ, ಬೂಟೆಲ್ಲ ತೊಯ್ದಾವ" ಅಂತ ಸಿಡುಕಿದರು. ಕೊನೆಗೆ ನಮ್ಮ ಮಾತೇ ಕಲಿಸಿದೆವು. ಕಾಜಾ ಮುಟ್ಟುವ ತನಕ ಆತ ವಾಕಿಟಾಕಿಯಲ್ಲಿ "ನಡಿ", "ನಿಂದ್ರು" ಅಂತ ಕೂಗುತ್ತಲೇ ಬಂದ. ನೀವೂ ಹೊರಡುವ ಮುಂಚೆ ಎರಡು ಪದ ಗೊತ್ತು ಮಾಡಿಕೊಳ್ಳಿ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಕುಕ್ಕರ್ ಇಲ್ಲದ ಢಾಬಾದಲ್ಲಿ ಮ್ಯಾಗಿಯೇ ಗತಿ. ನಗದು ಇಟ್ಟುಕೊಳ್ಳಿ, ಡೀಸೆಲ್ ಕಾಜಾದಲ್ಲಿ ಸಿಗುತ್ತದೆ. ಹಿಕ್ಕಿಮ್‌ನ ಪುಟ್ಟ ಅಂಚೆ ಕಚೇರಿ ಇರುವುದು 14,000 ಅಡಿ ಮೇಲೆ. ಅಲ್ಲಿಂದ ನಾನು ನಮ್ಮ ರಾಯಚೂರಿನ 584101ಕ್ಕೆ ಕಾರ್ಡು ಹಾಕಿದೆ. ಕನ್ನಡ ಓದಲು ಬಾರದಿದ್ದರೂ ಪಿನ್ ನೋಡಿ ಮನೆಗೆ ಮುಟ್ಟಿಸಿದ್ದಾರೆ. ತಾಬೋದಲ್ಲಿ 996ರಲ್ಲಿ ಕಟ್ಟಿದ ಮಣ್ಣಿನ ಮಠವಿದೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಸುಮ್ಮನೆ ಕೂತು ಬನ್ನಿ.

ನಾವು ಹೋದದ್ದು ಜುಲೈ. ನೀವು ಸೆಪ್ಟೆಂಬರ್ ಇಟ್ಟುಕೊಳ್ಳಿ, ಮಳೆಯೂ ಹಳ್ಳವೂ ಇಳಿದಿರುತ್ತವೆ. ರಾಯಚೂರಿನವರಿಗೆ ದೆಹಲಿ ತನಕ ಕರ್ನಾಟಕ ಎಕ್ಸ್‌ಪ್ರೆಸ್ ಇದೆ, ನಡುವೆ ರೈಲು ಬದಲಿಸುವ ಗೋಜಿಲ್ಲ. ಆದರೆ ವಾಪಸ್ ಟಿಕೆಟ್ಟಿಗೆ ಒಂದು ದಿನ ಖಾಲಿ ಬಿಡಿ. ಶಿಮ್ಲಾ ಕಡೆ ಇಳಿಯುವಾಗ ಕಿನ್ನೌರಿನಲ್ಲಿ ಗುಡ್ಡ ಕುಸಿದು ನಾವು ಏಳು ತಾಸು ರಸ್ತೆಯಲ್ಲೇ ಕೂತೆವು. ದೆಹಲಿ ಮುಟ್ಟಿದಾಗ ನಮ್ಮ ರೈಲು ಆಗ್ರಾ ದಾಟಿತ್ತು.